ದವಡೆ, ಹಲ್ಲು ನೋಡಿ ಅಳಿದ ವಾನರವನ್ನು ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಿಮಾಲಯದ ತಪ್ಪಲಿನ ಶಿವಾಲಿಕ್ ಗುಡ್ಡಗಳಲ್ಲಿ ಸಿಕ್ಕ ವಾನರಗಳ ಬಗ್ಗೆ ಎಲ್ಲಿ ಮಾತು ಬಂದರೂ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಶಾಲೆ ಮಕ್ಕಳು, ಮೇಷ್ಟ್ರುಗಳು, ಹಲ್ಲಿನ ಡಾಕ್ಟರುಗಳು, ಪತ್ರ ಬರೆದವರು ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ. ಇಲ್ಲಿ ‘ಕೋತಿ’ ಅಂದರೆ ನಮ್ಮೂರ ಕೋತಿ, ಮುಸುವ, ಸಿಂಗಳೀಕಗಳಂಥ ಬಾಲದವು. ‘ವಾನರ’ ಅಂದರೆ ಬಾಲವಿಲ್ಲದ ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿಗಳ ಬಳಗ.

## ಮೊದಲ ಹೆಜ್ಜೆ

ಯಾವಾಗ ನೋಡಿದರೂ ಹಲ್ಲು, ದವಡೆ ಅಂತೀರಿ. ಉಳಿದ ಮೈಯೆಲ್ಲ ಎಲ್ಲಿ ಹೋಯ್ತು?

ಸತ್ತ ಪ್ರಾಣಿಯ ಮೈ ಬಹಳ ಬೇಗ ಚೆಲ್ಲಾಪಿಲ್ಲಿಯಾಗುತ್ತದೆ. ಕತ್ತೆಕಿರುಬ ಮೂಳೆ ಮುರಿದು ತಿನ್ನುತ್ತದೆ, ಮುಳ್ಳುಹಂದಿ ಕಡಿಯುತ್ತದೆ, ಮಳೆಗೆ ಉಳಿದದ್ದು ಕೊಚ್ಚಿಹೋಗುತ್ತದೆ. ವಾನರಗಳು ಕಾಡಿನ ಜೀವಿಗಳು. ಕಾಡಿನ ಮಣ್ಣಿನಲ್ಲಿ ಹುಳಿ ಜಾಸ್ತಿ, ಅದು ಮೂಳೆಯನ್ನು ಕರಗಿಸುತ್ತದೆ. ಇಷ್ಟನ್ನೂ ತಾಳಿಕೊಳ್ಳುವುದು ಹಲ್ಲು. ಅದರ ಹೊರಪದರವಾದ ಎನಾಮಲ್‌ನಲ್ಲಿ ಸುಮಾರು 96 ಭಾಗ ಖನಿಜವೇ ಇದೆ. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಕೆಳದವಡೆಯ ಮೂಳೆಯೂ ದಟ್ಟ, ಅದರ ಮೇಲೆ ಮಾಂಸ ಕಡಿಮೆ. ಹಾಗಾಗಿ ತಿನ್ನುವವರು ಅದನ್ನು ಬಿಟ್ಟುಹೋಗುತ್ತಾರೆ.

ಮಣ್ಣಲ್ಲಿ ಸಿಕ್ಕ ಹಲ್ಲು ಕೋತಿ ಬಳಗದ್ದೇ ಅಂತ ಹೇಗೆ ಹೇಳ್ತೀರಿ? ಹಂದಿಯದ್ದೂ ಆಗಿರಬಹುದಲ್ವಾ?

ಆಗಿರಬಹುದು, ಆಗಿದ್ದೂ ಇದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಸಿಕ್ಕ ಒಂದು ಸವೆದ ಹಲ್ಲಿಗೆ 1922ರಲ್ಲಿ ಹೆನ್ರಿ ಫೇರ್‌ಫೀಲ್ಡ್ ಆಸ್ಬರ್ನ್ ಎಂಬ ದೊಡ್ಡ ವಿಜ್ಞಾನಿ ‘ಹೆಸ್ಪೆರೋಪಿಥೆಕಸ್’ ಎಂದು ಹೆಸರಿಟ್ಟರು. ಅಮೆರಿಕದ ಮೊದಲ ವಾನರ ಸಿಕ್ಕಿತು ಎಂದು ಸುದ್ದಿಯಾಯಿತು. ಅದೇ ಜಾಗವನ್ನು ಮತ್ತೆ ಅಗೆದಾಗ ಸಿಕ್ಕ ಹೆಚ್ಚಿನ ಹಲ್ಲುಗಳು ನಿಜ ಹೇಳಿದವು. ಅದು ಪೆಕರಿ ಎಂಬ, ಹಂದಿಯನ್ನು ಹೋಲುವ ಪ್ರಾಣಿಯ ಹಲ್ಲಾಗಿತ್ತು. 1927ರಲ್ಲಿ ಹೆಸರನ್ನು ಹಿಂದೆಗೆದುಕೊಂಡರು.

ಈ ಗೊಂದಲಕ್ಕೆ ಕಾರಣವಿದೆ. ಹಂದಿ, ಕರಡಿ, ಮನುಷ್ಯ ಮೂವರೂ ಸಿಕ್ಕಿದ್ದನ್ನೆಲ್ಲ ತಿನ್ನುವವರು. ಮೂವರ ದವಡೆಹಲ್ಲಿಗೂ ತಗ್ಗಾದ, ದುಂಡಗಿನ ಉಬ್ಬುಗಳಿವೆ. ಸವೆಯದ ಹಲ್ಲಾದರೆ ಬಿಡಿಸಿ ಹೇಳುವುದು ಕಷ್ಟವಲ್ಲ. ಹಂದಿಯ ಹಲ್ಲಲ್ಲಿ ದೊಡ್ಡ ಉಬ್ಬುಗಳ ನಡುವೆ ಸಣ್ಣ ಸಣ್ಣ ಗಂಟುಗಳು ತುಂಬಿರುತ್ತವೆ, ಕೊನೆಯ ದವಡೆಹಲ್ಲು ಹಿಂದಕ್ಕೆ ಉದ್ದ ಚಾಚಿರುತ್ತದೆ. ಸವೆದು ನುಣ್ಣಗಾದ ಹಲ್ಲಿನಲ್ಲಿ ಈ ಗುರುತುಗಳೇ ಅಳಿಸಿಹೋಗಿರುತ್ತವೆ. ಅಂಥದ್ದು ಒಂದೇ ಸಿಕ್ಕರೆ ಹೆಸರಿಡದೆ ಕಾಯುವುದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಕೋತಿ ಹಲ್ಲಿಗೂ ವಾನರದ ಹಲ್ಲಿಗೂ ಏನು ವ್ಯತ್ಯಾಸ?

ಒಂದು ಕನ್ನಡಿ ತಗೊಳ್ಳಿ. ಕೆಳದವಡೆಯ ಮೊದಲ ದವಡೆಹಲ್ಲನ್ನು ನೋಡಿ. ಹೆಚ್ಚಿನವರಲ್ಲಿ ಅದರ ಮೇಲೆ ಐದು ಉಬ್ಬು ಇರುತ್ತವೆ. ಅವುಗಳ ನಡುವಿನ ಗೀರು ಇಂಗ್ಲಿಷಿನ ‘ವೈ’ ಅಕ್ಷರದ ಹಾಗೆ ಕವಲೊಡೆಯುತ್ತದೆ. ಇದು ವಾನರ ಬಳಗದ ಮನೆತನದ ಗುರುತು. ಒಂದು ಕೋಟಿ ವರ್ಷದ ಹಿಂದಿನ ಶಿವಾಲಿಕ್ ವಾನರದಲ್ಲೂ ಇದೇ ಗೀರು ಕಾಣುತ್ತದೆ.

ನಮ್ಮೂರ ಕೋತಿಯ ದವಡೆಹಲ್ಲು ಬೇರೆ ಥರ. ನಾಲ್ಕು ಉಬ್ಬು, ಎರಡೆರಡು ಸೇರಿ ಎರಡು ಅಡ್ಡ ಏಣು. ಕೆಳಗಿನ ಕೊನೆಯ ಹಲ್ಲಿಗೆ ಹಿಂದುಗಡೆ ಒಂದು ಉಬ್ಬು ಜಾಸ್ತಿ ಇರುವುದುಂಟು, ಆದರೆ ಅಡ್ಡ ಏಣು ಮಾತ್ರ ತಪ್ಪುವುದಿಲ್ಲ.

ನಮಗೆ 32 ಹಲ್ಲು. ಅವಕ್ಕೂ 32 ಏನು?

ಏಷ್ಯಾ, ಆಫ್ರಿಕಾದ ಕೋತಿಗಳಿಗೂ ಎಲ್ಲ ವಾನರಗಳಿಗೂ ಹೌದು. ಬಾಯಿಯ ಕಾಲುಭಾಗದಲ್ಲಿ 2 ಬಾಚಿಹಲ್ಲು, 1 ಕೋರೆಹಲ್ಲು, 2 ಮುಂದವಡೆ ಹಲ್ಲು, 3 ದವಡೆಹಲ್ಲು. ದಕ್ಷಿಣ ಅಮೆರಿಕದ ಕೋತಿಗಳಿಗೆ ಮುಂದವಡೆ ಹಲ್ಲು ಮೂರು, ಹಾಗಾಗಿ ಹೆಚ್ಚಿನವಕ್ಕೆ ಒಟ್ಟು 36. ಹಲ್ಲು ಬಿದ್ದುಹೋಗಿದ್ದರೂ ದವಡೆಯ ಗುಳಿ ಎಣಿಸಿದರೆ ಸಾಕು, ಯಾವ ಖಂಡದ ಬಳಗ ಎಂಬ ಅಂದಾಜು ಸಿಗುತ್ತದೆ.

## ರಾಮಾಪಿಥೆಕಸ್ ಕಥೆ

ಶಾಲೆಯಲ್ಲಿ ‘ರಾಮಾಪಿಥೆಕಸ್ ಮನುಷ್ಯನ ಪೂರ್ವಜ’ ಅಂತ ಬಾಯಿಪಾಠ ಮಾಡಿದ್ದೆ. ಈಗ ಯಾರೂ ಆ ಹೆಸರೇ ಎತ್ತಲ್ಲ. ಏನಾಯ್ತು?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಐವತ್ತು ದಾಟಿದವರು. ಅವರು ಓದಿದ್ದು ಆ ಕಾಲಕ್ಕೆ ಸರಿಯಾಗಿಯೇ ಇತ್ತು.

1932ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜಿ. ಎಡ್ವರ್ಡ್ ಲೂಯಿಸ್‌ಗೆ ಹರಿತಲ್ಯಾಂಗರ್ ಬಳಿ ಮೇಲ್ದವಡೆಯ ಒಂದು ಬದಿಯ ತುಣುಕು ಸಿಕ್ಕಿತು. ಈಗ ಅದು ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಯ ಊರು. ತುಣುಕಿನಲ್ಲಿದ್ದದ್ದು ನಾಲ್ಕು ಹಲ್ಲು. ಕೋರೆಹಲ್ಲು ಇರಲಿಲ್ಲ, ಅದರ ಗುಳಿ ಮಾತ್ರ ಇತ್ತು. 1934ರಲ್ಲಿ ಲೂಯಿಸ್ ಇದಕ್ಕೆ ರಾಮಾಪಿಥೆಕಸ್ ಬ್ರೆವಿರಾಸ್ಟ್ರಿಸ್ ಎಂದು ಹೆಸರಿಟ್ಟರು. ರಾಮನ ಹೆಸರಿನ, ಗಿಡ್ಡ ಮೂತಿಯ ವಾನರ ಎಂದು ಅರ್ಥ. ಮನುಷ್ಯನ ಕಡೆಗೆ ವಾಲುವ ಲಕ್ಷಣಗಳಿವೆ ಎಂದರು. ಆಗ ಯಾರೂ ಹೆಚ್ಚು ಕಿವಿಗೊಡಲಿಲ್ಲ.

1961ರಲ್ಲಿ ಎಲ್ವಿನ್ ಸೈಮನ್ಸ್ ಅದೇ ತುಣುಕನ್ನು ಮತ್ತೆ ಎತ್ತಿಕೊಂಡರು. ಡೇವಿಡ್ ಪಿಲ್‌ಬೀಮ್ ಜೊತೆಗೂಡಿದರು. ಇದು ಮನುಷ್ಯನ ಕವಲಿನ ಮೊದಲ ಜೀವಿ, ನಮ್ಮ ಕವಲು ಒಡೆದು ಒಂದೂವರೆ ಕೋಟಿ ವರ್ಷವಾಗಿರಬಹುದು ಎಂಬ ಮಾತು ಪಠ್ಯಪುಸ್ತಕಕ್ಕೆ ಬಂದದ್ದು ಹಾಗೆ.

1967ರಲ್ಲಿ ಬರ್ಕ್‌ಲಿಯ ವಿನ್ಸೆಂಟ್ ಸಾರಿಚ್, ಅಲನ್ ವಿಲ್ಸನ್ ರಕ್ತದ ಆಲ್ಬುಮಿನ್ ಪ್ರೋಟೀನನ್ನು ಹೋಲಿಸಿದರು. ಮನುಷ್ಯ, ಚಿಂಪಾಂಜಿಗಳ ಕವಲು ಒಡೆದು ಸುಮಾರು 50 ಲಕ್ಷ ವರ್ಷ ಮಾತ್ರ ಎಂದರು. ಅದು ನಿಜವಾದರೆ ರಾಮಾಪಿಥೆಕಸ್ ಮನುಷ್ಯನ ಕವಲಿನದಾಗಲು ಸಾಧ್ಯವೇ ಇಲ್ಲ. ಮೂಳೆಯವರು ಒಪ್ಪಲಿಲ್ಲ, ರಕ್ತದವರು ಬಿಡಲಿಲ್ಲ. ಹದಿನೈದು ವರ್ಷ ಜಗಳ ನಡೆಯಿತು.

ಕೊನೆಗೆ ತೀರ್ಪು ಕೊಟ್ಟಿದ್ದು ಪಾಕಿಸ್ತಾನದ ಪೋಟ್‌ವಾರ್ ಪ್ರಸ್ಥಭೂಮಿ. ಅಲ್ಲಿ ಪಿಲ್‌ಬೀಮ್ ಅವರ ತಂಡಕ್ಕೆ ಶಿವಾಪಿಥೆಕಸ್ ಎಂಬ, ಶಿವಾಲಿಕ್‌ನ ಇನ್ನೊಂದು ಅಳಿದ ವಾನರದ ಮುಖವೇ ಸಿಕ್ಕಿತು. 1982ರಲ್ಲಿ ಅದರ ವಿವರ ಹೊರಬಂತು. ಮೊಟ್ಟೆಯಂತೆ ಎತ್ತರವಾದ ಕಣ್ಣಿನ ಗುಳಿಗಳು, ಅವುಗಳ ನಡುವೆ ಇಕ್ಕಟ್ಟಾದ ಜಾಗ, ಒಳಕ್ಕೆ ಬಾಗಿದ ಮುಖ, ದೊಡ್ಡ ನಡು ಬಾಚಿಹಲ್ಲು. ಒರಾಂಗುಟಾನ್ ನೋಡಿದವರಿಗೆ ಹೇಳಿಕೊಡಬೇಕಾಗಿರಲಿಲ್ಲ. ರಾಮಾಪಿಥೆಕಸ್ ಅಂತ ಕರೆದದ್ದೂ ಶಿವಾಪಿಥೆಕಸ್ಸೇ, ಸ್ವಲ್ಪ ಚಿಕ್ಕದು ಅಷ್ಟೇ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ತನ್ನ ಹಳೆಯ ವಾದವನ್ನು ಪಿಲ್‌ಬೀಮ್ ಅವರೇ ಕೈಬಿಟ್ಟರು. ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾಗುವುದು ಇದೇ.

ಅಷ್ಟು ಓದಿದವರು ಒಂದು ದವಡೆ ನೋಡಿ ಹೇಗೆ ಅಷ್ಟು ದೊಡ್ಡದಾಗಿ ತಪ್ಪಿದರು?

ಅವರು ಅಜಾಗರೂಕರಾಗಿರಲಿಲ್ಲ. ಮೂರು ಗುರುತು ಹಿಡಿದುಕೊಂಡಿದ್ದರು. ಮೂರೂ ಒಂದೊಂದಾಗಿ ಜಾರಿದವು.

ಮೊದಲನೆಯದು ದವಡೆಯ ಆಕಾರ. ಚಿಂಪಾಂಜಿಯ ಎರಡು ಬದಿಯ ಹಲ್ಲಿನ ಸಾಲುಗಳು ಹೆಚ್ಚುಕಡಿಮೆ ಜೊತೆಜೊತೆಗೆ ನೇರ ಹೋಗುತ್ತವೆ, ಇಂಗ್ಲಿಷಿನ ‘ಯು’ ಥರ. ನಮ್ಮದು ಹಿಂದೆ ಅಗಲವಾಗುವ ಕಮಾನು. ರಾಮಾಪಿಥೆಕಸ್‌ನದು ಕಮಾನು ಎಂದು ಚಿತ್ರ ಬರೆದರು. ಆದರೆ ಅವರ ಕೈಯಲ್ಲಿದ್ದದ್ದು ಒಂದೊಂದು ಬದಿಯ ತುಣುಕು. ಎರಡು ಬದಿ ಕೂಡುವ ನಡುಗೆರೆ ಅದರಲ್ಲಿ ಇರಲಿಲ್ಲ. ಒಂದು ಬದಿಯನ್ನು ಕನ್ನಡಿಯಲ್ಲಿ ಹಿಡಿದಂತೆ ತಿರುಗಿಸಿ ಇನ್ನೊಂದು ಬದಿ ಮಾಡುವಾಗ, ಸ್ವಲ್ಪ ಓರೆ ಮಾಡಿದರೆ ಕಮಾನು, ನೆಟ್ಟಗಿಟ್ಟರೆ ‘ಯು’. ಒಂದು ಬಳೆ ಚೂರು ಹಿಡಿದು ಬಳೆಯ ಅಳತೆ ಹೇಳಬಹುದು, ಯಾಕೆಂದರೆ ಬಳೆ ದುಂಡಗಿದೆ ಅಂತ ಮೊದಲೇ ಗೊತ್ತು. ದವಡೆಯಲ್ಲಿ ಆ ಭರವಸೆ ಇಲ್ಲ. 1970ರ ದಶಕದಲ್ಲಿ ಎರಡೂ ಬದಿ ಕೂಡಿದ್ದ ಕೆಳದವಡೆ ಸಿಕ್ಕಾಗ ಅದು ಕಮಾನಾಗಿರಲಿಲ್ಲ, ‘ವಿ’ ಆಕಾರದಲ್ಲಿತ್ತು.

ಎರಡನೆಯದು ಚಿಕ್ಕ ಕೋರೆಹಲ್ಲು. ಮನುಷ್ಯರಿಗೆ ಕೋರೆ ಚಿಕ್ಕದು, ನಿಜ. ಆದರೆ ಹೆಣ್ಣು ವಾನರಗಳಿಗೂ ಚಿಕ್ಕದೇ.

ಮೂರನೆಯದು ದಪ್ಪ ಎನಾಮಲ್. ಚಿಂಪಾಂಜಿ, ಗೊರಿಲ್ಲಾಗಳ ಎನಾಮಲ್ ತೆಳು, ಮನುಷ್ಯರದು ದಪ್ಪ. ಅದಕ್ಕೇ ದಪ್ಪ ಎನಾಮಲ್ ಮನುಷ್ಯನ ಗುರುತು ಅಂದುಕೊಂಡರು. ಆ ಕಾಲದ ಹಲವು ವಾನರಗಳಿಗೆ ದಪ್ಪ ಎನಾಮಲ್ ಇತ್ತು ಎಂದು ಆಮೇಲೆ ತಿಳಿಯಿತು. ಗಟ್ಟಿ ತಿನಿಸು ತಿನ್ನುವವರಲ್ಲಿ ಅದು ಬೇರೆ ಬೇರೆಯಾಗಿ ಬೆಳೆಯುತ್ತದೆ. ಒಂದೇ ಥರದ ಊಟ ಮಾಡಿದ ಮಾತ್ರಕ್ಕೆ ನೆಂಟರಾಗುವುದಿಲ್ಲ, ಅಲ್ವಾ?

ಎರಡೂ ಒಂದೇ ಅಂದಮೇಲೆ ರಾಮನ ಹೆಸರು ಬಿಟ್ಟು ಶಿವನ ಹೆಸರು ಉಳಿಸಿದ್ದು ಯಾಕೆ?

ಯಾವ ಹೆಸರು ಮೊದಲು ಅಚ್ಚಾಯಿತೋ ಅದೇ ನಿಲ್ಲಬೇಕು ಎಂಬುದು ಪ್ರಾಣಿಗಳಿಗೆ ಹೆಸರಿಡುವ ನಿಯಮ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಗೈ ಪಿಲ್‌ಗ್ರಿಮ್ ಶಿವಾಪಿಥೆಕಸ್ ಎಂದು ಹೆಸರಿಟ್ಟದ್ದು 1910ರಲ್ಲಿ. ರಾಮಾಪಿಥೆಕಸ್ 24 ವರ್ಷ ತಡ. ಲೂಯಿಸ್ ‘ಸುಗ್ರೀವಪಿಥೆಕಸ್’ ಎಂಬ ಹೆಸರನ್ನೂ ಕೊಟ್ಟಿದ್ದರು. ಅದೂ ಈಗ ಶಿವಾಪಿಥೆಕಸ್ ಒಳಗೇ ಸೇರಿದೆ.

## ಅಳೆಯುವುದು, ಹೋಲಿಸುವುದು

ಒಂದು ದೊಡ್ಡ ದವಡೆ, ಒಂದು ಚಿಕ್ಕ ದವಡೆ ಸಿಕ್ಕಿತು ಅನ್ನಿ. ಎರಡು ಜಾತಿಯೋ, ಗಂಡು ಹೆಣ್ಣೋ?

ಈ ಕೆಲಸದ ತಿರುಳೇ ಇದು. ದೇವಸ್ಥಾನದ ಮುಂದೆ ಕೂತ ಗಡವ ಕೋತಿ ಆಕಳಿಸುವಾಗ ನೋಡಿ. ಚೂರಿಯಂಥ ಕೋರೆಹಲ್ಲು ಕಾಣುತ್ತದೆ. ಪಕ್ಕದಲ್ಲಿ ಮರಿ ಎತ್ತಿಕೊಂಡ ಹೆಣ್ಣಿನ ಕೋರೆ ಅದರ ಮುಂದೆ ಏನೂ ಅಲ್ಲ. ಎರಡರ ತಲೆಬುರುಡೆಯೂ ಮಣ್ಣಲ್ಲಿ ಸಿಕ್ಕಿದ್ದರೆ ಎರಡು ಜಾತಿ ಅಂದುಬಿಡುತ್ತಿದ್ದೆವೋ ಏನೋ.

ಹಾಗಾಗಿ ಅಳತೆಗೋಲು ಇರುವುದು ಬದುಕಿರುವ ಪ್ರಾಣಿಗಳಲ್ಲಿ. ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ ಗಂಡು ಹೆಣ್ಣಿನ ಅಂತರ ಬಹಳ. ಮ್ಯೂಸಿಯಂನಲ್ಲಿರುವ ಅವುಗಳ ಹತ್ತಾರು ದವಡೆಗಳನ್ನು ಅಳೆದು, ಒಂದೇ ಜಾತಿಯೊಳಗೆ ಎಷ್ಟು ಏರುಪೇರು ಇರಬಹುದು ಎಂದು ಮೊದಲು ತಿಳಿಯಬೇಕು. ಪಳೆಯುಳಿಕೆಗಳ ಏರುಪೇರು ಆ ಮಿತಿಯೊಳಗೇ ಇದ್ದರೆ ಹೊಸ ಹೆಸರು ಬೇಡ. ಕೋರೆಹಲ್ಲು ಸ್ಪಷ್ಟವಾಗಿ ಎರಡು ಗುಂಪಾಗಿ, ದವಡೆಹಲ್ಲುಗಳ ಆಕಾರ ಒಂದೇ ಥರ ಇದ್ದರೆ ಗಂಡು ಹೆಣ್ಣು ಎನ್ನುವ ಕಡೆಗೆ ತಕ್ಕಡಿ ವಾಲುತ್ತದೆ. ಉಬ್ಬುಗಳ ಜೋಡಣೆ, ಬೇರಿನ ಸಂಖ್ಯೆ, ಎನಾಮಲ್ ದಪ್ಪವೂ ಬೇರೆಯಾದರೆ ಬೇರೆ ಜಾತಿಯ ಮಾತು ಶುರು ಮಾಡಬಹುದು.

ಚೀನಾದ ಲುಫೆಂಗ್‌ನಲ್ಲೂ ಹೀಗೇ ಆಯಿತು. ದೊಡ್ಡದನ್ನು ಶಿವಾಪಿಥೆಕಸ್, ಚಿಕ್ಕದನ್ನು ರಾಮಾಪಿಥೆಕಸ್ ಅಂದಿದ್ದರು. ಆಮೇಲೆ ಎರಡೂ ಒಂದೇ ಜಾತಿಯ ಗಂಡು ಹೆಣ್ಣು ಎಂದು ತೀರ್ಮಾನವಾಯಿತು. ಈಗ ಅದರ ಹೆಸರು ಲುಫೆಂಗ್‌ಪಿಥೆಕಸ್.

ಇನ್ನೊಂದು ಎಚ್ಚರ. ಪಕ್ಕದ ಹಲ್ಲಿಗೆ ಉಜ್ಜಿ ಉಜ್ಜಿ ವಯಸ್ಸಾದಂತೆ ಹಲ್ಲಿನ ಉದ್ದವೇ ಕಡಿಮೆಯಾಗುತ್ತದೆ. ಮುದಿ ವಾನರದ ಹಲ್ಲನ್ನು ಎಳೆಯದರ ಹಲ್ಲಿನ ಜೊತೆ ಸುಮ್ನೆ ಇಟ್ಟು ಅಳೆಯಬಾರದು.

ಒಂದೇ ಒಂದು ಹಲ್ಲಿಂದ ಹೊಸ ಜಾತಿ ಅನ್ನೋದು ಸರಿನಾ?

ಕೆಲವೊಮ್ಮೆ ಸರಿ. 1935ರಲ್ಲಿ ಫಾನ್ ಕ್ಯೋನಿಗ್ಸ್‌ವಾಲ್ಡ್ ಹಾಂಗ್‌ಕಾಂಗ್‌ನ ನಾಟಿ ಔಷಧಿ ಅಂಗಡಿಯಲ್ಲಿ ‘ಡ್ರ್ಯಾಗನ್ ಹಲ್ಲು’ ಅಂತ ಮಾರುತ್ತಿದ್ದ ಒಂದು ಭಾರಿ ದವಡೆಹಲ್ಲು ಕಂಡು ಜೈಗ್ಯಾಂಟೋಪಿಥೆಕಸ್ ಎಂದು ಹೆಸರಿಟ್ಟರು. ಆಮೇಲೆ ದಕ್ಷಿಣ ಚೀನಾದ ಗುಹೆಗಳಲ್ಲಿ ನಾಲ್ಕು ಕೆಳದವಡೆ, ಸುಮಾರು 2000 ಹಲ್ಲು ಸಿಕ್ಕವು. ಹೆಸರು ನಿಂತಿತು.

ನಮ್ಮ ದೇಶದ ಉದಾಹರಣೆ ‘ಕಪಿ ರಾಮನಗರೆನ್ಸಿಸ್’. ಈ ರಾಮನಗರ ನಮ್ಮ ರೇಷ್ಮೆಯ ರಾಮನಗರವಲ್ಲ, ಜಮ್ಮುವಿನ ರಾಮನಗರ. 2015ರಲ್ಲಿ ಅಲ್ಲಿ ಗುಡ್ಡ ಹತ್ತುತ್ತಿದ್ದ ತಂಡಕ್ಕೆ ಮಣ್ಣಿನ ಗುಪ್ಪೆಯಲ್ಲಿ ಏನೋ ಮಿನುಗಿದ್ದು ಕಂಡಿತು. ಅದೊಂದು ಪುಟ್ಟ ಕೆಳ ದವಡೆಹಲ್ಲು. ಕ್ರಿಸ್ಟೋಫರ್ ಗಿಲ್ಬರ್ಟ್, ಪಂಜಾಬ್ ವಿಶ್ವವಿದ್ಯಾಲಯದ ರಾಜೀವ್ ಪಟ್ನಾಯಕ್ ಮತ್ತು ಜೊತೆಗಾರರು ಅದನ್ನು ಸಿಟಿ ಸ್ಕ್ಯಾನ್ ಮಾಡಿ, ಬದುಕಿರುವ, ಅಳಿದ ಹಲವು ವಾನರಗಳ ಹಲ್ಲಿಗೆ ಹೋಲಿಸಿದರು. ಸುಮಾರು 1 ಕೋಟಿ 30 ಲಕ್ಷ ವರ್ಷದ ಹಿಂದಿನ, ಗೊತ್ತಿರುವುದರಲ್ಲೇ ಹಳೆಯ ಗಿಬ್ಬನ್ ಎಂದು 2020ರಲ್ಲಿ ಪ್ರಕಟಿಸಿದರು. ಚೀನಾದ ಯುವಾನ್‌ಮೌಪಿಥೆಕಸ್ ಎಂಬ ಹಳೆಯ ಗಿಬ್ಬನ್ ಮೇಲೆ ಕೆಲಸ ಮಾಡಿದವರು 2022ರಲ್ಲಿ ಬೇರೆ ಮಾತು ಹೇಳಿದರು. ಕಪಿ ಗಿಬ್ಬನ್ ಅಲ್ಲ, ಪ್ಲಿಯೋಪಿಥೆಕಾಯ್ಡ್ ಎಂಬ ಹಳೆಯ ಗುಂಪಿನದು ಎಂಬುದು ಅವರ ವಾದ. ಹೊಸ ಜೀವಿ ಅನ್ನುವುದರಲ್ಲಿ ಜಗಳವಿಲ್ಲ, ಯಾರ ನೆಂಟ ಅನ್ನುವುದರಲ್ಲಿದೆ. ಒಂದು ಹಲ್ಲು ‘ನಾನು ಬೇರೆ’ ಎಂದು ಹೇಳಬಲ್ಲದು. ‘ನಾನು ಯಾರ ಮಗ’ ಎಂದು ಹೇಳಿಸುವುದು ಬಹಳ ಕಷ್ಟ.

ಸತ್ತಾಗ ಎಷ್ಟು ವಯಸ್ಸು ಅಂತ ತಿಳಿಯಬಹುದಾ?

ಯಾವ ಹಲ್ಲು ಹುಟ್ಟಿದೆ, ಯಾವುದು ಇನ್ನೂ ದವಡೆಯೊಳಗಿದೆ, ಎಷ್ಟು ಸವೆದಿದೆ ಎಂಬುದು ಒರಟು ಲೆಕ್ಕ. ನಾಜೂಕಾದ ಲೆಕ್ಕ ಎನಾಮಲ್ ಒಳಗಿದೆ. ಎನಾಮಲ್ ಬೆಳೆಯುವಾಗ ದಿನಕ್ಕೊಂದು ಸೂಕ್ಷ್ಮ ಗೆರೆ ಬೀಳುತ್ತದೆ, ಕೆಲವು ದಿನಕ್ಕೊಮ್ಮೆ ದಪ್ಪ ಗೆರೆ. ಮರದ ಬಳೆ ಎಣಿಸಿದಂತೆ ಇವನ್ನು ಎಣಿಸಬಹುದು. ಹೀಗೆ ಎಣಿಸಿದ ಜೇ ಕೆಲ್ಲಿ, ಶಿವಾಪಿಥೆಕಸ್ ಮರಿಗೆ ಮೊದಲ ದವಡೆಹಲ್ಲು ಹುಟ್ಟುತ್ತಿದ್ದ ವಯಸ್ಸು ಚಿಂಪಾಂಜಿಯದಕ್ಕೆ ಹತ್ತಿರ ಎಂದು ತೋರಿಸಿದರು. ನಮ್ಮ ಮಕ್ಕಳಿಗೆ ಅದು ಸುಮಾರು ಆರನೇ ವರ್ಷಕ್ಕೆ ಬರುತ್ತದೆ, ಚಿಂಪಾಂಜಿಗೆ ಮೂರು ನಾಲ್ಕಕ್ಕೆ. ಅಂದರೆ ಆ ವಾನರದ ಮರಿ ಕೂಡ ನಿಧಾನವಾಗಿ, ತಾಯಿಯ ಮೈಗೆ ಅಂಟಿಕೊಂಡೇ ಬೆಳೆಯುತ್ತಿತ್ತು. ಒಂದು ಹಲ್ಲಿನ ಗೆರೆಯಲ್ಲಿ ತಾಯಿ ಮಗುವಿನ ಕಥೆ ಇರುವುದು ನನಗಂತೂ ಮೈ ಜುಮ್ಮೆನಿಸುವ ವಿಷಯ.

ಅದು ಏನು ತಿನ್ನುತ್ತಿತ್ತು ಅಂತಲೂ ಹೇಳ್ತೀರಂತೆ?

ಹಲ್ಲಿನ ಮೇಲ್ಮೈಯನ್ನು ದೊಡ್ಡದು ಮಾಡಿ ನೋಡಿದರೆ ಕೊನೆಯ ದಿನಗಳ ಊಟದ ಗುರುತು ಕಾಣುತ್ತದೆ. ಎಲೆ, ಹುಲ್ಲು ತಿಂದರೆ ಉದ್ದುದ್ದ ಗೀಚು, ಗಟ್ಟಿ ಬೀಜ ಕಡಿದರೆ ಕುಳಿ. ಶಿವಾಪಿಥೆಕಸ್‌ನ ಗುರುತುಗಳು ಚಿಂಪಾಂಜಿಯ ಥರ ಇವೆ, ಅಂದರೆ ಮುಖ್ಯವಾಗಿ ಹಣ್ಣು. ಎನಾಮಲ್‌ನಲ್ಲಿರುವ ಇಂಗಾಲದ ಐಸೋಟೋಪುಗಳು, ಅಂದರೆ ತೂಕದಲ್ಲಿ ಮಾತ್ರ ಬೇರೆಯಾದ ಇಂಗಾಲದ ಪರಮಾಣುಗಳು, ಮರಗಿಡ ತಿಂದವರನ್ನೂ ಬಿಸಿನಾಡಿನ ಹುಲ್ಲು ತಿಂದವರನ್ನೂ ಬೇರೆ ಮಾಡುತ್ತವೆ. ಸುಮಾರು 80 ಲಕ್ಷ ವರ್ಷದ ಹಿಂದಿನಿಂದ ಶಿವಾಲಿಕ್ ಪ್ರದೇಶದಲ್ಲಿ ಕಾಡು ಕರಗಿ ಹುಲ್ಲು ಹರಡಿತು. ಶಿವಾಪಿಥೆಕಸ್‌ನ ಕೊನೆಯ ಕುರುಹುಗಳೂ ಅದಕ್ಕೆ ಸ್ವಲ್ಪ ಮುಂಚಿನವು.

## ತೊಡಕಿನ ಪ್ರಶ್ನೆಗಳು

ಜೈಗ್ಯಾಂಟೋಪಿಥೆಕಸ್ 10 ಅಡಿ ಎತ್ತರ ಇತ್ತಂತೆ, ನಿಜವಾ?

ಅದರ ಕೈಕಾಲಿನ ಒಂದು ಮೂಳೆಯೂ ಇವತ್ತಿನವರೆಗೆ ಸಿಕ್ಕಿಲ್ಲ. 10 ಅಡಿ, 300 ಕಿಲೋ ಎಂಬುದೆಲ್ಲ ಹಲ್ಲು, ದವಡೆಯ ಗಾತ್ರದಿಂದ ಮಾಡಿದ ಅಂದಾಜು. ಗಟ್ಟಿ ತಿನಿಸು ಅರೆಯುವವರಿಗೆ ಮೈಗೆ ಮೀರಿದ ದೊಡ್ಡ ಹಲ್ಲು ಇರಬಹುದು. ಭಾರಿ ಪ್ರಾಣಿ ಅನ್ನುವುದು ಖಂಡಿತ, ಅಡಿ ಲೆಕ್ಕ ಖಂಡಿತವಲ್ಲ. ನಮ್ಮಲ್ಲೂ ಒಂದು ದೈತ್ಯ ವಾನರ ಇತ್ತು. ಹರಿತಲ್ಯಾಂಗರ್ ಬಳಿ ಸಿಕ್ಕ ಅದರ ಕೆಳದವಡೆಗೆ ಮೊದಲು ಜೈಗ್ಯಾಂಟೋಪಿಥೆಕಸ್ ಬಿಲಾಸ್‌ಪುರೆನ್ಸಿಸ್ ಎಂದಿದ್ದರು, ಈಗ ಇಂಡೋಪಿಥೆಕಸ್ ಎನ್ನುತ್ತಾರೆ.

ಇಷ್ಟೆಲ್ಲ ಯಾಕೆ, ಡಿಎನ್‌ಎ ತೆಗೆದು ನೋಡಬಾರದಾ?

ಡಿಎನ್‌ಎ ಅಷ್ಟು ಕಾಲ ಉಳಿಯುವುದಿಲ್ಲ, ಬಿಸಿ ಪ್ರದೇಶದಲ್ಲಂತೂ ಬೇಗ ಒಡೆದುಹೋಗುತ್ತದೆ. ಆದರೆ ಎನಾಮಲ್ ಒಳಗಿನ ಪ್ರೋಟೀನ್ ಹೆಚ್ಚು ಕಾಲ ತಾಳುತ್ತದೆ. ಚೀನಾದ ಚುಯಿಫೆಂಗ್ ಗುಹೆಯಲ್ಲಿ ಸಿಕ್ಕ, ಸುಮಾರು 19 ಲಕ್ಷ ವರ್ಷದ ಹಿಂದಿನ ಜೈಗ್ಯಾಂಟೋಪಿಥೆಕಸ್ ದವಡೆಹಲ್ಲಿನಿಂದ ಪ್ರೋಟೀನ್ ತೆಗೆದು 2019ರಲ್ಲಿ ಓದಿದರು. ಅದು ಒರಾಂಗುಟಾನ್‌ನ ನೆಂಟ, ಕವಲು ಒಡೆದದ್ದು 1 ಕೋಟಿಯಿಂದ 1 ಕೋಟಿ 20 ಲಕ್ಷ ವರ್ಷದ ಹಿಂದೆ ಎಂದು ತಿಳಿಯಿತು. ಉಬ್ಬು, ಗೀರು ನೋಡಿ ಹಲವರು ಊಹಿಸಿದ್ದೂ ಅದೇ ನೆಂಟಸ್ತಿಕೆಯನ್ನು.

ಹಲ್ಲು ಉಜ್ಜಿ, ಬಣ್ಣ ಹಚ್ಚಿ ಯಾರಾದರೂ ಮೋಸ ಮಾಡಿದರೆ?

ಮಾಡಿದ್ದಾರೆ. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್‌ನಿಂದ ಬಂದ ‘ಆದಿಮಾನವ’ನ ದವಡೆ ಒರಾಂಗುಟಾನ್‌ನದು, ಬುರುಡೆ ಮನುಷ್ಯನದು. ಬುರುಡೆಗೆ ಕೂಡುವ ಕೀಲಿನ ಭಾಗ ಮುರಿದಿತ್ತು, ಹಲ್ಲುಗಳನ್ನು ಅರ ಹಾಕಿ ಉಜ್ಜಿದ್ದರು. ಗುಟ್ಟು ಬಯಲಾದದ್ದು 1953ರಲ್ಲಿ. ಇಂದು ಸೂಕ್ಷ್ಮದರ್ಶಕದಲ್ಲಿ ಅರದ ಗೀಚು ಬೇಗ ಸಿಕ್ಕಿಬೀಳುತ್ತದೆ, ಯಾಕೆಂದರೆ ತಿಂದು ಸವೆದ ಹಲ್ಲಿನ ಗೀಚು ಹಾಗಿರುವುದೇ ಇಲ್ಲ.

ಹಾಗಾದರೆ ಶಿವಾಪಿಥೆಕಸ್ ಒರಾಂಗುಟಾನ್‌ನ ಮುತ್ತಜ್ಜ ಅಂತ ಬರೆದುಕೊಳ್ಳಬಹುದಾ?

‘ನೆಂಟ’ ಎಂದು ಬರೆದುಕೊಳ್ಳಿ. ಮುಖ ಒರಾಂಗುಟಾನ್‌ನದು, ಆದರೆ 1990ರಲ್ಲಿ ವಿವರಿಸಿದ ತೋಳಿನ ಮೂಳೆಗಳು ಹಾಗಿಲ್ಲ. ಕೊಂಬೆಗೆ ಜೋತುಬೀಳುವ ಒರಾಂಗುಟಾನ್ ತೋಳಿಗಿಂತ, ಕೊಂಬೆಯ ಮೇಲೆ ನಾಲ್ಕು ಕಾಲಲ್ಲಿ ನಡೆಯುವ ಪ್ರಾಣಿಯ ತೋಳಿಗೆ ಅವು ಹತ್ತಿರ. ಮುಖ ಒಂದು ಹೇಳುತ್ತದೆ, ತೋಳು ಇನ್ನೊಂದು. ಹೆಚ್ಚಿನವರು ಈಗಲೂ ಒರಾಂಗುಟಾನ್ ಬಳಗದಲ್ಲೇ ಇಡುತ್ತಾರೆ, ನಾನೂ ಅದನ್ನೇ ಒಪ್ಪುತ್ತೇನೆ. ಆದರೆ ಬರೀ ದವಡೆ ನೋಡಿದ್ದರೆ ಈ ತೊಡಕು ಇದೆ ಅಂತಲೇ ನಮಗೆ ಗೊತ್ತಾಗುತ್ತಿರಲಿಲ್ಲ.

ನಮ್ಮ ಕರ್ನಾಟಕದಲ್ಲಿ ಇಂಥ ದವಡೆ ಸಿಗೋದಿಲ್ವಾ?

ಅಂಥ ಕಲ್ಲು ನಮ್ಮಲ್ಲಿ ಕಡಿಮೆ. ನಮ್ಮ ನೆಲದ ಬಹುಭಾಗ ನೂರಾರು ಕೋಟಿ ವರ್ಷ ಹಳೆಯ ಗಟ್ಟಿ ಶಿಲೆ. ಉತ್ತರದಲ್ಲಿ ಡೆಕ್ಕನ್ ಲಾವಾ, ಅದೂ ಆರೂವರೆ ಕೋಟಿ ವರ್ಷದ ಸುತ್ತಿನದು. ವಾನರಗಳ ಕಾಲದಲ್ಲಿ ನದಿಗಳು ಕಿಲೋಮೀಟರ್‌ಗಟ್ಟಲೆ ದಪ್ಪ ಹೂಳು ತುಂಬಿದ್ದು ಹಿಮಾಲಯದ ಬುಡದಲ್ಲಿ. ಹಾಗೆಂದು ಬಾಗಿಲು ಮುಚ್ಚಿಲ್ಲ. ಗುಜರಾತಿನ ಕಛ್‌ನಲ್ಲಿ ಸಿಕ್ಕ ಸುಮಾರು 1 ಕೋಟಿ 10 ಲಕ್ಷ ವರ್ಷದ ಹಿಂದಿನ ಮೇಲ್ದವಡೆಯನ್ನು 2018ರಲ್ಲಿ ಪ್ರಕಟಿಸಿದರು. ಶಿವಾಲಿಕ್‌ನಿಂದ ಅಷ್ಟು ದಕ್ಷಿಣಕ್ಕೆ ವಾನರ ಇತ್ತು ಅಂತ ಅದಕ್ಕೆ ಮೊದಲು ಯಾರಿಗೂ ಗೊತ್ತಿರಲಿಲ್ಲ.

ಹೊಲದಲ್ಲೋ ಹಳ್ಳದಲ್ಲೋ ಕಲ್ಲಾದ ಹಲ್ಲು ಕಂಡರೆ ನಾನು ಏನು ಮಾಡಲಿ?

ಕೀಳಬೇಡಿ. ಇದ್ದಲ್ಲೇ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆಯಿರಿ. ಸುತ್ತಲಿನ ಮಣ್ಣಿನ ಪದರವೂ ಫೋಟೋದಲ್ಲಿ ಬರಲಿ, ಯಾಕೆಂದರೆ ವಯಸ್ಸು ಹೇಳುವುದು ಆ ಪದರ. ಶಿವಾಲಿಕ್‌ನಲ್ಲಿ ಪದರಗಳಲ್ಲಿ ಉಳಿದ ಭೂಕಾಂತದ ದಿಕ್ಕು ಓದಿಯೇ ಕಾಲ ನಿರ್ಧರಿಸುತ್ತಾರೆ. ಜಾಗ ತಪ್ಪಿದ ಹಲ್ಲಿಗೆ ಆ ಲೆಕ್ಕ ಸಿಗುವುದಿಲ್ಲ. ಮೊಬೈಲ್‌ನಲ್ಲಿ ಜಾಗ ಗುರುತು ಮಾಡಿಕೊಳ್ಳಿ. ತೊಳೆಯಬೇಡಿ, ಬ್ರಷ್‌ನಲ್ಲಿ ಉಜ್ಜಬೇಡಿ, ಫೆವಿಕ್ವಿಕ್ ಹಾಕಿ ಅಂಟಿಸಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿಗೋ ಆ ಫೋಟೋ ಕಳಿಸಿ. ಬಹುತೇಕ ಸಲ ಅದು ದನದ್ದೋ ಕುದುರೆಯದ್ದೋ ಹಲ್ಲಾಗಿರುತ್ತದೆ. ಆದರೂ ಕಳಿಸಿ.